ಚೌಡಿಬನದ ಗೇರು ಬೀಜ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹನುಮಕ್ಕನ ಕಥೆ ಹೇಳಹೊರಟರೆ ನನ್ನ ಸಿಟ್ಟಿನ ಕಥೆಯೂ ಅದರ ಬಾಲ ಹಿಡಿದುಕೊಂಡೇ ಬರುತ್ತದೆ. ನಾನು ಹೊನ್ನಾವರದವಳು, ಹೆಸರು ವನಮಾಲಾ. ಎಪ್ಪತ್ತಾರನೇ ಇಸವಿಯಲ್ಲಿ ಕುಮಟಾ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಕಲಿಸಲು ಹೋದೆ. ತದಡಿ ಬಸ್ಸಿನಿಂದ ಇಳಿದು ಗದ್ದೆಯ ಅಂಚಿನ ಮೇಲೆ ಅರ್ಧ ಗಂಟೆ ನಡೆದರೆ ನಮ್ಮ ಶಾಲೆ. ಊರವರು ಎದುರಿಗೆ ನನ್ನನ್ನು ಅಕ್ಕೋರು ಎನ್ನುತ್ತಿದ್ದರು, ಬೆನ್ನ ಹಿಂದೆ ಮೆಣಸಿನಕಾಯಿ ಅಕ್ಕೋರು ಎನ್ನುತ್ತಿದ್ದರು. ಆ ಹೆಸರು ಇಟ್ಟವಳೇ ಹನುಮಕ್ಕ.

ಅವಳಿಗೆ ಆಗ ನಲವತ್ತೈದು ದಾಟಿರಬಹುದು. ಕೊರಳ ತುಂಬ ಮಣಿಸರ, ತಲೆಯ ಮೇಲೆ ತರಕಾರಿ ಬುಟ್ಟಿ, ಬಾಯಲ್ಲಿ ಎಲೆಯಡಿಕೆಯ ಕವಳ. ಬೇರೆಯವರ ಗದ್ದೆಯಲ್ಲಿ ಗೇಣಿಗೆ ಹರಿವೆ, ಬದನೆ, ಮೊಗೆಕಾಯಿ ಬೆಳೆದು ಕುಮಟೆಯ ಪೇಟೆಗೆ ಹೊತ್ತು ಮಾರುತ್ತಿದ್ದಳು. ಶಾಲೆಯ ಮುಂದೆ ಹಾದು ಹೋಗುವಾಗ "ಅಕ್ಕೋರೆ, ಇವತ್ತು ಯಾರ ಕಿವಿ ಹಿಂಡ್ತ್ರಿ?" ಎಂದು ಕೂಗದೆ ಹೋದ ದಿನವಿಲ್ಲ. ಹಾಡು ಕಟ್ಟುವುದರಲ್ಲಂತೂ ಅವಳದು ಎತ್ತಿದ ಕೈ. ಭತ್ತದ ಸಸಿ ನೆಟ್ಟಿಗೆ ಇಳಿದರೆ ಸಾಕು, ಗದ್ದೆಯ ಈ ತುದಿಯಿಂದ ಆ ತುದಿಯವರೆಗೆ ಊರವರ ಮಾನವೆಲ್ಲ ಹಾಡಾಗಿ ಹರಾಜಾಗುತ್ತಿತ್ತು.

ಇಷ್ಟು ಬಾಯಿ ಇದ್ದವಳಿಗೆ ಕಾಲೂರಲು ಒಂದು ಗೇಣು ಸ್ವಂತ ನೆಲ ಇರಲಿಲ್ಲ. ಗಂಡ ಜಟ್ಟ ತೀರಿಕೊಂಡು ಎಂಟು ವರ್ಷವಾಗಿತ್ತು. ಪಾಲಿನಲ್ಲಿ ಮನೆಯ ಜಾಗ, ಹಿತ್ತಲು, ಅದರಲ್ಲಿದ್ದ ಮೂರು ಗೇರು ಮರ ಎಲ್ಲ ಮೈದುನ ಹಮ್ಮನಿಗೆ ಹೋಗಿತ್ತು. ಆ ಹಿತ್ತಲ ಮೂಲೆಯಲ್ಲಿ ಒಂದು ಸೋಗೆ ಮನೆ ಕಟ್ಟಿಕೊಂಡು ಇವಳಿದ್ದಳು. ಮಗಳು ದೇವಿಯನ್ನು ಮಾವಿನಕುರ್ವೆಯ ಕಡೆ ಕೊಟ್ಟಾಗಿತ್ತು. "ಮಗಳು ಬಾಣಂತನಕ್ಕೆ ಬಂದ್ರೆ ಚಿಕ್ಕಪ್ಪನ ಅಂಗಳಕ್ಕೆ ಬರ್ಬೇಕು ಅಕ್ಕೋರೆ. ತವರು ಅಂತ ಹೇಳೂಕೆ ಸ್ವಂತ ಮಣ್ಣು ಬೇಕಲ್ಲ?" ಎಂದು ಒಮ್ಮೆ ಹೇಳಿದ್ದಳು. ಅವಳ ಬಾಯಲ್ಲಿ ನಗೆಯಿಲ್ಲದ ಮಾತು ನಾನು ಕೇಳಿದ್ದು ಅದೇ ಮೊದಲು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅವಳ ಅದೃಷ್ಟ ಕಣ್ಣು ಬಿಟ್ಟಿತು. ಊರ ಹಿಂದಿನ ಬೋಳು ಗುಡ್ಡದಲ್ಲಿ ಜಾಗ ಇಲ್ಲದವರಿಗೆ, ಕಡಿಮೆ ಇದ್ದವರಿಗೆ ಒಂದೊಂದು ಎಕರೆ ಕೊಡುವ ಸರಕಾರದ ಪಟ್ಟಿ ಬಂತು. ಕೊನೆಯ ಎಕರೆ ಹನುಮಕ್ಕನ ಹೆಸರಿಗಿತ್ತು. ಅದಕ್ಕೊಂದು ಕಟ್ಟಳೆ. ಮಳೆಗಾಲ ಮುಗಿದು ಸಾಹೇಬರು ನೋಡಲು ಬಂದಾಗ ಆ ಎಕರೆಯಲ್ಲಿ ಅರವತ್ತು ಗೇರು ಗಿಡ ಜೀವ ಹಿಡಿದು ನಿಂತಿರಬೇಕು. ಸಸಿ ಅವರವರೇ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಜಾಗ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಗುತ್ತದೆ. ಮುಂದಿನ ಹೆಸರು ಯಾರದು? ಮೈದುನ ಹಮ್ಮನದು!

ಹಮ್ಮ ಕೆಟ್ಟವನಲ್ಲ. ಆದರೆ ಒಂದು ಜೋಡಿ ಎತ್ತು, ಮೂರು ಎಮ್ಮೆ ಇದ್ದವನಿಗೆ ಹುಲ್ಲಿನ ಗುಡ್ಡ ಕಂಡರೆ ಆಸೆಯಾಗದೆ ಇರುತ್ತದೆಯೇ? "ಅತ್ತಿಗೆ, ಬದನೆ ಸಸಿ ಮಾಡ್ದಂಗೆ ಅಲ್ಲ ಗೇರು ಅಂದ್ರೆ. ನನ್ ಎಮ್ಮೆ ಈಗ್ಲೇ ಹಲ್ ತಿಕ್ಕಂತಾ ಅವೆ," ಎಂದು ನಗುತ್ತಿದ್ದ. ಅವನಿಗೆ ಆ ಬೇಸಿಗೆಯಲ್ಲಿ ಬೇರೆ ತಲೆಬಿಸಿಯೂ ಇತ್ತು. ಊರ ದೇವತೆ ಚೌಡಮ್ಮನ ಬನವಾದ ಚೌಡಿಬನದ ದೊಡ್ಡ ಮರದಲ್ಲಿ ನೇತಾಡುವ ಬಾವಲಿಗಳು ಮುಸ್ಸಂಜೆಗೆ ಹಾರಿ ಬಂದು ಅವನ ಮರದ ಗೇರು ಹಣ್ಣನ್ನು ಬೀಜ ಸಮೇತ ಕಚ್ಚಿಕೊಂಡು ಹೋಗುತ್ತಿದ್ದವು. ಅವನು ಎಣ್ಣೆ ಡಬ್ಬ ಹಿಡಿದು ಢಣಢಣ ಬಡಿಯುತ್ತ ಮರದ ಸುತ್ತ ಓಡಾಡುತ್ತಿದ್ದ. "ನನ್ ಅರ್ಧ ಗೇರು ಈ ಹಾಳು ಬಾವಲಿ ಹೊಟ್ಟೆಗೇ ಆತು!" ಎಂಬ ಬೊಬ್ಬೆ ನನ್ನ ಕೋಣೆಯವರೆಗೆ ಕೇಳುತ್ತಿತ್ತು.

ಹನುಮಕ್ಕ ಏಪ್ರಿಲ್ ತಿಂಗಳಲ್ಲಿ ಒಬ್ಬರ ತೋಟಕ್ಕೆ ಗೇರು ಹೆಕ್ಕಲು ಹೋಗಿ ಕೂಲಿಯ ಬದಲು ಬೀಜವನ್ನೇ ಕೇಳಿ ತಂದಳು. ಒಂದೊಂದೂ ಹೆಬ್ಬೆರಳಿನಷ್ಟು ದಪ್ಪ. ಆ ಹೊತ್ತಿಗೆ ಕೃಷಿ ಇಲಾಖೆಯ ಒಂದು ಕರಪತ್ರ ನಮ್ಮ ಶಾಲೆಗೆ ಬಂದಿತ್ತು. ಬೀಜವನ್ನು ನೀರಿಗೆ ಹಾಕಿ, ಮುಳುಗಿದ್ದನ್ನು ಮಾತ್ರ ಊರಬೇಕು, ತೇಲಿದ್ದು ಹುಟ್ಟುವುದಿಲ್ಲ ಎಂದು ಅದರಲ್ಲಿತ್ತು. ನಾನು ಓಡಿ ಹೋಗಿ ಓದಿ ಹೇಳಿದೆ. ಹನುಮಕ್ಕ ಕವಳ ಉಗಿದು ನಕ್ಕಳು. "ಬೀಜ ಎಂತ ದೋಣಿಯ ಅಕ್ಕೋರೆ, ನೀರಿಗೆ ಬಿಟ್ಟು ನೋಡೂಕೆ? ನಮ್ಮ ಅಜ್ಜಿ ಕಾಲದಿಂದ ಬೀಜ ಇಟ್ಟವ್ರು ನಾವು. ಮೊಗೆಬೀಜ ನನಗೆ ಕೇಳ್ದೆ ಹುಟ್ಟೂದಿಲ್ಲ." ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಮನೆಯ ಕೊಂಕಣಿ ಬರುತ್ತದೆ. ಕೊಂಕಣಿಯಲ್ಲಿ ನಾಲ್ಕು ಬೈದು ಬಂದೆ. ಅವಳಿಗೆ ಕೊಂಕಣಿ ಚೆನ್ನಾಗಿ ಅರ್ಥವಾಗುತ್ತದೆಂದು ನನಗೆ ಗೊತ್ತಾದದ್ದು ಆಮೇಲೆ.

ಜೂನಿನಲ್ಲಿ ಮಿರಗದ ಮಳೆ ಹಿಡಿಯಿತು. ಕೊಟ್ಟೆ ಕಡುಬಿಗೆ ಮಾಡುವ ಹಾಗೆ ನಾಲ್ಕು ಹಲಸಿನ ಎಲೆ ಸೇರಿಸಿ, ಪೊರಕೆಯ ಹಿಡಿಕಡ್ಡಿ ಚುಚ್ಚಿ, ಎಂಬತ್ತು ಕೊಟ್ಟೆ ಕಟ್ಟಿದಳು. ಹಿಟ್ಟಿನ ಬದಲು ಮಣ್ಣು ತುಂಬಿ ಒಂದೊಂದರಲ್ಲಿ ಒಂದು ಬೀಜ ಊರಿದಳು. ಇದು ಅವಳದೇ ಯೋಚನೆ, ಮೆಚ್ಚಲೇಬೇಕು. ಗೇರಿನ ತಾಯಿಬೇರು ಮುಟ್ಟಿದರೆ ಮುನಿಸು. ಕಿತ್ತು ನೆಟ್ಟರೆ ಬದುಕುವುದಿಲ್ಲ. ಕೊಟ್ಟೆಯನ್ನೇ ಇಡಿಯಾಗಿ ಗುಂಡಿಗೆ ಇಳಿಸಿದರೆ ಎಲೆ ಕೊಳೆತು ಬೇರು ತಾನಾಗಿ ದಾರಿ ಮಾಡಿಕೊಳ್ಳುತ್ತದೆ. ಸೋಗೆ ಮಾಡಿನ ಕೆಳಗೆ ಎಂಬತ್ತು ಕೊಟ್ಟೆ ಸಾಲಾಗಿ ಕೂತಿದ್ದನ್ನು ಹಮ್ಮನೂ ಬಂದು ಬಗ್ಗಿ ಬಗ್ಗಿ ನೋಡಿ ಹೋದ.

ಒಂದು ವಾರ ಆಯಿತು, ಎರಡು ವಾರ ಆಯಿತು, ಮೂರೂ ಆಯಿತು. ಒಂದೇ ಒಂದು ಮೊಳಕೆ ಇಲ್ಲ! ನಾನು ತಾಳಲಾರದೆ ಒಂದು ಬೀಜ ಕಿತ್ತು ತೆಗೆದೆ. ಸಿಪ್ಪೆ ಒಡೆಯಲು ಕಲ್ಲು ಹುಡುಕುವಷ್ಟು ಸಮಾಧಾನ ನನಗೆಲ್ಲಿದೆ? ಹಲ್ಲಿನಿಂದ ಕಚ್ಚಿದೆ. ಹಸಿ ಗೇರು ಬೀಜದ ಸೊನೆ ತಾಗಿದರೆ ತುಟಿ ಸುಡುತ್ತದೆಂದು ಈ ಕರಾವಳಿಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಸಿಟ್ಟು ಬಂದವಳಿಗೆ ಗೊತ್ತಿರುವುದಿಲ್ಲ. ಮರುದಿನ ನನ್ನ ತುಟಿ ಬೊಬ್ಬೆ ಎದ್ದು ದಪ್ಪವಾಗಿತ್ತು. ಹನುಮಕ್ಕ ಅಷ್ಟು ಸಂಕಟದಲ್ಲೂ ಹಾಡು ಕಟ್ಟಿದಳು.

"ಗೇರು ಹಣ್ಣಿಗಿಂತ ಕೆಂಪು ಯಾವ್ದೇ ತಂಗಿ,
ಅಕ್ಕೋರ ತುಟಿ ನೋಡೇ ತಂಗಿ!"

ಬೀಜದ ಒಳಗೆ ತಿರುಳು ಹಳದಿಯಾಗಿ, ಕರಕಲು ಎಣ್ಣೆಯ ವಾಸನೆ ಹೊಡೆಯುತ್ತಿತ್ತು. "ಹನುಮಕ್ಕ, ಎರಡು ತಿಂಗಳು ಈ ಬೀಜ ಎಲ್ಲಿಟ್ಟಿದ್ದೆ?" ಎಂದು ಕೇಳಿದೆ. "ಎಲ್ಲಿಡ್ತಾರೆ ಅಕ್ಕೋರೆ? ಮೊಗೆಬೀಜ ಇಟ್ಟಲ್ಲೇ. ಒಲೆ ಮೇಲಿನ ಅಟ್ಟದಾಗೆ, ಬೂದಿ ಹಚ್ಚಿ." ತರಕಾರಿ ಬೀಜಕ್ಕೆ ಹೊಗೆ ತಾಗಿದರೆ ಹುಳ ಹಿಡಿಯುವುದಿಲ್ಲ, ನಿಜ. ಆದರೆ ಗೇರು ಬೀಜದ ತುಂಬ ಎಣ್ಣೆ! ದಿನಾ ಎರಡು ಹೊತ್ತು ಗಂಜಿ ಬೇಯಿಸುತ್ತ ಇವಳು ತನ್ನ ಒಂದು ಎಕರೆಯನ್ನೂ ಸಣ್ಣ ಉರಿಯಲ್ಲಿ ಹುರಿದುಬಿಟ್ಟಿದ್ದಳು. ಉಳಿದ ಬೀಜವನ್ನು ಬಾನಿಯ ನೀರಿಗೆ ಸುರಿದೆ. ಎಲ್ಲವೂ ತೇಲಿದವು, ತದಡಿ ಬಂದರಿನ ದೋಣಿಗಳ ಹಾಗೆ.

ಹನುಮಕ್ಕ ಬಾನಿಯ ಪಕ್ಕ ಕೂತವಳು ಏಳಲಿಲ್ಲ. "ಹೇಳಿದ್ರಿ ನೀವು, ನಾನೇ ಕೇಳ್ಲಿಲ್ಲ," ಎಂದಳು. ಬೈಯಲೆಂದು ಹತ್ತಿರ ಹೋದ ನಾನು ಅವಳ ಪಕ್ಕ ಕೂತುಬಿಟ್ಟೆ. ಅವಳು ಅಳುತ್ತಿದ್ದಳು.

ಬೇರೆ ಬೀಜಕ್ಕೆ ಅಲೆದೆವು. ಜುಲೈ ತಿಂಗಳಲ್ಲಿ ಗೇರು ಬೀಜ ಎಲ್ಲಿಂದ ಬರಬೇಕು? ಪೇಟೆಯ ಅಂಗಡಿಗಳಲ್ಲಿ ಇದ್ದದ್ದು ಮಳೆಗೆ ಮುಂಚೆಯೇ ಕಾರ್ಖಾನೆಗೆ ಹೋಗಿತ್ತು. ಮನೆಮನೆಗಳಲ್ಲಿ ಉಳಿದದ್ದು ಸುಟ್ಟು ತಿಂದು ಮುಗಿದಿತ್ತು. ಹಮ್ಮನ ಹತ್ತಿರ ಕೇಳಿದರೆ, "ನಾ ಮಾರಿದ್ದು ಮಾರಿ ಆತು, ಉಳದದ್ದು ಬಾವಲಿ ತಿಂದು ಆತು," ಎಂದ. ಸುಳ್ಳು ಹೇಳಲಿಲ್ಲ. ಆದರೆ ಅವನ ಮುಖದಲ್ಲಿ ಎಮ್ಮೆಗಳ ಸಂತೋಷ ಕಾಣುತ್ತಿತ್ತು, ನನಗೆ ಮೈಯೆಲ್ಲ ಉರಿಯಿತು.

ಆ ರಾತ್ರಿಯೆಲ್ಲ ಹನುಮಕ್ಕ ಹಮ್ಮನ ಅದೇ ಮಾತನ್ನು ಮೆಲುಕು ಹಾಕಿದಳಂತೆ. ಬೆಳಗಾದದ್ದೇ ನನ್ನ ಬಾಗಿಲು ಬಡಿದಳು. "ಅಕ್ಕೋರೆ, ಬಾವಲಿ ಹಣ್ಣು ತಿಂತದೆ. ಬೀಜ ತಿಂತದ್ಯ?"

ತಿನ್ನುವುದಿಲ್ಲ. ಹಣ್ಣು ಚೀಪಿ ಬೀಜವನ್ನು ತಾನು ನೇತಾಡುವ ಮರದ ಕೆಳಗೆ ಉದುರಿಸುತ್ತದೆ. ಬೇರೆ ಮರವಾಗಿದ್ದರೆ ಊರವರು ಮುಂಜಾನೆಯೇ ಹೆಕ್ಕಿ ಖಾಲಿ ಮಾಡುತ್ತಿದ್ದರು. ಆದರೆ ಇದು ಚೌಡಿಬನ. ಆ ಬನದಿಂದ ಒಣಕಡ್ಡಿಯನ್ನೂ ಯಾರೂ ತರುವುದಿಲ್ಲ, ತಂದರೆ ಚೌಡಮ್ಮ ಸುಮ್ಮನಿರುವುದಿಲ್ಲ. ಹಾಗಾಗಿ ಮಾರ್ಚಿನಿಂದ ಉದುರಿದ ಹಮ್ಮನ ಗೇರು ಬೀಜವೆಲ್ಲ ಅಲ್ಲೇ ಬಿದ್ದಿತ್ತು. ನಾವಿಬ್ಬರೂ ಕೊಡೆ ಹಿಡಿದು ಹೋಗಿ ನೋಡಿದರೆ, ಅಯ್ಯಬ್ಬಾ! ಕೊಳೆತ ಎಲೆಯ ಅಡಿಯಲ್ಲಿ ನೂರಾರು ಬೀಜ ಬಾಯಿ ಬಿಟ್ಟು, ಬೆರಳುದ್ದ ಬಿಳಿ ಬೇರು ಇಳಿಸಿ ಮಲಗಿದ್ದವು.

ನಾನು ಕೂಡಲೇ ಸೆರಗು ಒಡ್ಡಿದೆ. ಹನುಮಕ್ಕ ನನ್ನ ಕೈ ಹಿಡಿದು ನಿಲ್ಲಿಸಿದಳು. "ಕೇಳ್ದೆ ಮುಟ್ಟೂದಲ್ಲ." ಬನದ ಕಲ್ಲಿಗೆ ನೀರು ಹೊಯ್ದು, ಎರಡು ದಾಸವಾಳದ ಎಸಳನ್ನು ಒಂದು ಬಲಕ್ಕೆ, ಒಂದು ಎಡಕ್ಕೆ ಅಂಟಿಸಿದಳು. ಬಲದ್ದು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. "ಅವ್ವಾ ಚೌಡಮ್ಮ, ಮಣ್ಣಿಲ್ಲದವ್ಳು ನಾನು. ಮೊದಲ ಹಣ್ಣಿನ ಬುಟ್ಟಿ ನಿನ್ನ ಪಾದಕ್ಕೆ ತಂದಿಡ್ತೆ. ಕೊಡೂದಾದ್ರೆ ಬಲಕ್ಕೆ ಕೊಡು," ಎಂದು ಕೈ ಮುಗಿದು ಕೂತಳು. ಕೂತೇ ಕೂತಳು. ಎಸಳು ಎರಡೂ ಅಲ್ಲಾಡಲಿಲ್ಲ. ಮಳೆ ಸೋರಿ ನನ್ನ ಕೊಡೆಯೊಳಗೇ ನೀರು. ಮೇಲಿಂದ ಬಾವಲಿಗಳ ಪ್ರಸಾದ ಬೇರೆ, ಇಶ್ಶಿ! ಕೊಡುವುದಾದರೆ ಬೇಗ ಕೊಡಬಾರದೇ ಎಂದು ನಾನು ಚೌಡಮ್ಮನ ಮೇಲೂ ಸಿಟ್ಟಾದೆ. ಕೊನೆಗೆ ಬಲದ ಎಸಳು ಜಾರಿ ಬಿತ್ತು. ಗಾಳಿಗೆ ಬಿತ್ತೋ, ನೀರಿಗೆ ಬಿತ್ತೋ, ನಾನು ಕೇಳಲಿಲ್ಲ.

ಎಪ್ಪತ್ತೊಂದು ಬೀಜ ಆರಿಸಿದಳು. ಬೇರು ಮುರಿಯದ ಹಾಗೆ ಒಂದೊಂದನ್ನೂ ಎರಡು ಅಂಗೈಯಲ್ಲಿ, ಆಗತಾನೆ ಹುಟ್ಟಿದ ಕೂಸನ್ನು ಎತ್ತಿದಂತೆ ಎತ್ತಿ ಬುಟ್ಟಿಯ ಪಾಚಿಯ ಮೇಲೆ ಮಲಗಿಸಿದಳು. ಮತ್ತೆ ಹಲಸಿನ ಎಲೆ, ಮತ್ತೆ ಹಿಡಿಕಡ್ಡಿ, ಮತ್ತೆ ಕೊಟ್ಟೆ. ಈ ಸಲ ನಾನೂ ಕಟ್ಟಿದೆ. ನನ್ನ ಕೊಟ್ಟೆಗಳು ಒಂದೂ ನೆಟ್ಟಗಿರಲಿಲ್ಲ. "ಇವುಗಳಲ್ಲಿ ಕಡುಬು ಬೇಯಿಸಿದ್ರೆ ಗಂಡ ಓಡಿ ಹೋಗ್ತ," ಎಂದಳು. ನನಗಿನ್ನೂ ಮದುವೆಯೇ ಆಗಿರಲಿಲ್ಲ. ಹತ್ತು ದಿನದಲ್ಲಿ ಕೆಂಪು ಚಿಗುರು ತಲೆ ಎತ್ತಿತು. ಜುಲೈ ಮುಗಿಯುವ ಹೊತ್ತಿಗೆ ಎಪ್ಪತ್ತೊಂದೂ ಗುಡ್ಡ ಸೇರಿದವು.

ಅಲ್ಲಿಗೇ ಮುಗಿಯಲಿಲ್ಲ. ಆಗಸ್ಟಿನಲ್ಲಿ ಹಮ್ಮನ ಎಮ್ಮೆ ನುಗ್ಗಿ ಎಂಟು ಗಿಡ ತುಳಿದು ಹಾಕಿತು. ನಾನಾಗಿದ್ದರೆ ಪಂಚಾಯ್ತಿಗೆ ಓಡುತ್ತಿದ್ದೆ. ಹನುಮಕ್ಕ ಹಾಡು ಕಟ್ಟಿದಳು. ಅತ್ತಿಗೆಯ ಗಿಡವನ್ನು ಎಮ್ಮೆ ತುಳಿಯಿತೋ, ಎಮ್ಮೆಯ ಯಜಮಾನ ತುಳಿದನೋ ಎಂದು ಕೇಳುವ ಹಾಡು. ಕಳೆ ಕೀಳುವ ಹೆಂಗಸರು ಮೂರು ದಿನ ಗದ್ದೆಯಲ್ಲಿ ಅದನ್ನೇ ಹಾಡಿದರು. ನಾಲ್ಕನೇ ದಿನ ಹಮ್ಮ ತಲೆ ತಗ್ಗಿಸಿಕೊಂಡು ಹೋಗಿ ಮುಳ್ಳು ಕಡಿದು ತಂದು ಎಕರೆಯ ಸುತ್ತ ತಾನೇ ಬೇಲಿ ಹಾಕಿದ.

ದೀಪಾವಳಿ ಕಳೆದು ಜಮೀನು ಕಚೇರಿಯ ರಮಾನಂದ ಸಾಹೇಬರು ಕಾಗದದ ಕಟ್ಟು ಹಿಡಿದು ಬಂದರು. ಅರ್ಧ ಊರೇ ಗುಡ್ಡ ಹತ್ತಿತ್ತು, ಹಮ್ಮನೂ ಇದ್ದ. ಸಾಹೇಬರು ಎಣಿಸಿದರು. ಅರವತ್ತಮೂರು ಗಿಡ, ಮೊಣಕಾಲೆತ್ತರ, ಎಲೆ ಪಳಪಳ. "ಶಾಬಾಸ್," ಎಂದು ಬರೆಯಲು ಕೂತರು. ಎಲ್ಲ ಬರೆದು ಒಂದು ಕಡೆ ಪೆನ್ನು ನಿಲ್ಲಿಸಿ, "ಬೀಜ ಎಲ್ಲಿಂದ ತಂದದ್ದು?" ಎಂದರು.

"ಸ್ವಂತ ಬೀಜ, ಸಾಹೇಬ್ರೇ," ಎಂದೆ ನಾನು, ಥಟ್ಟನೆ.

"ಅಲ್ಲ ಸಾಹೇಬ್ರೇ," ಎಂದಳು ಹನುಮಕ್ಕ. "ಅದು ನಂದಲ್ಲ. ಚೌಡಿಬನದ್ದು. ಕೇಳಿ ತಂದದ್ದು."

ಸಾಹೇಬರ ಮುಖ ಸಣ್ಣದಾಯಿತು. "ಬನ ಕಾಡಿನ ಲೆಕ್ಕಕ್ಕೆ ಬರ್ತದಲ್ಲಮ್ಮಾ. ಕಾಡಿನ ಉತ್ಪತ್ತಿ ತಂದು ನೆಟ್ಟದ್ದು ಅಂತ ಬರೆದರೆ ಈ ಕಾಗದ ಮುಂದೆ ಹೋಗೂದಿಲ್ಲ. ಸರಿಯಾಗಿ ಯೋಚನೆ ಮಾಡಿ ಹೇಳಿ," ಎಂದರು. ಪಾಪ, ಒಳ್ಳೆಯ ಮನುಷ್ಯ, ದಾರಿ ತೋರಿಸುತ್ತಿದ್ದರು. ನಾನು ಹನುಮಕ್ಕನ ಸೆರಗು ಜಗ್ಗಿದೆ. ಅವಳ ಕಿವಿಯಲ್ಲಿ ಕೊಂಕಣಿಯಲ್ಲಿ ಬೈದೆ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿಕೊಳ್ಳುತ್ತಿದ್ದಾಳಲ್ಲ ಈ ಹೆಂಗಸು! ಅವಳು ನನ್ನ ಕೈಯಿಂದ ಸೆರಗು ಬಿಡಿಸಿಕೊಂಡಳು. ಸಾಹೇಬರಿಗೆ ಹೇಳಿದಳು, "ಯೋಚನೆ ಮಾಡೇ ಹೇಳೂದು. ಅವ್ವ ಕೊಟ್ಟದ್ದನ್ನ ನಂದು ಅಂದ್ರೆ ಈ ಮಣ್ಣಿನ ಮೇಲೆ ನಾ ಹ್ಯಾಂಗೆ ನಿದ್ದೆ ಮಾಡ್ಲಿ? ಬಾವಲಿ ತಂದು ಹಾಕ್ದದ್ದು, ಚೌಡಮ್ಮ ಕೊಟ್ಟದ್ದು. ಹಂಗೇ ಬರೀರಿ."

ಎಲ್ಲರೂ ಹಮ್ಮನನ್ನು ನೋಡಿದರು. ಸಾಹೇಬರ ಪೆನ್ನು ಮುಚ್ಚಿದರೆ ಎಕರೆ ಅವನದು. ಅವನೇನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ನಿಂತರೆ ಸಾಕಿತ್ತು. ಅವನು ತಲೆಯ ಮುಂಡಾಸು ತೆಗೆದ, ಮತ್ತೆ ಸುತ್ತಿದ, ಮತ್ತೆ ತೆಗೆದ. ಆಮೇಲೆ ಒಮ್ಮೆಲೇ ಜಗಳಕ್ಕೆ ಬಂದವನ ಹಾಗೆ ಕೂಗಿದ.

"ಎಂತ ಕಾಡಿಂದು? ಯಾವ ಕಾಡಿಂದು? ಬನದಾಗೆ ಒಂದು ಗೇರು ಮರ ತೋರ್ಸಿ ನೋಡ್ವ! ಅದು ನಮ್ಮನೆ ಹಿತ್ತಲ ಗೇರು. ನಮ್ಮಪ್ಪ ನೆಟ್ಟ ಮರ. ಆ ಹಾಳು ಬಾವಲಿ ನನ್ ಕಣ್ಣೆದ್ರೇ ಕದ್ಕಂಡು ಹೋದದ್ದು. ನಾ ದಿನಾ ಡಬ್ಬ ಬಡದು ಬೊಬ್ಬೆ ಹೊಡದದ್ದು ಇಡೀ ಊರು ಕೇಳದೆ. ಕೇಳಿ ಅಕ್ಕೋರಿಗೆ!"

"ಕೇಳಿದ್ದೇನೆ ಸಾಹೇಬ್ರೇ, ದಿನಾ ಕೇಳಿದ್ದೇನೆ!" ಎಂದೆ. ತಲೆಚಿಟ್ಟು ಹಿಡಿಸಿದ ಆ ಡಬ್ಬಕ್ಕೆ ಇಂಥ ದಿನವೂ ಬರುತ್ತದೆಂದು ಯಾರು ಎಣಿಸಿದ್ದರು!

"ನಮ್ಮ ಅಣ್ಣಂದೂ ಪಾಲು ಇತ್ತು ಆ ಮರದಾಗೆ, ಪಾಲಾಗೂ ಮುಂಚೆ," ಎಂದ ಹಮ್ಮ, ಈಗ ದನಿ ಇಳಿಸಿ. "ಮನೆ ಬೀಜ ಮನೆಯವ್ಳು ನೆಟ್ಟದ್ದು. ಬರ್ಕಳಿ."

ಸಾಹೇಬರು ಹನುಮಕ್ಕನನ್ನು ನೋಡಿದರು. "ಈಗ ಏನಂತೀರಮ್ಮಾ?" ಅವಳು ಮೈದುನನ ಕಡೆ ತಿರುಗಿದಳು. "ಅವ ಹೇಳೂದು ಖರೆ. ಬೀಜ ಮನೇದು, ತಂದದ್ದು ಬಾವಲಿ, ಕೊಟ್ಟದ್ದು ಚೌಡಮ್ಮ. ಮೂರೂ ಬರೂದಾದ್ರೆ ಬರೀರಿ," ಎಂದಳು. ಸಾಹೇಬರು ನಕ್ಕು, ಕುಟುಂಬದ ಹಿತ್ತಲಿನ ಗೇರು ಎಂದು ಬರೆದರು. ಕಾಗದದಲ್ಲಿ ಜಾಗ ಸಣ್ಣದು, ಉಳಿದಿಬ್ಬರ ಹೆಸರು ಹಿಡಿಸುವುದಿಲ್ಲ ಎಂದು ಅವಳಿಗೆ ತಿಳಿಸಿ ಹೇಳಿದರು. ಅವಳು ಹೆಬ್ಬೆಟ್ಟು ಒತ್ತಿದಳು. ಗುಡ್ಡ ಇಳಿಯುವಾಗ ಹಮ್ಮನ ಪಕ್ಕಕ್ಕೆ ಹೋಗಿ, "ನಿನ್ ಎಮ್ಮೆ ಉಪವಾಸ ಬಿದ್ವಲ್ಲ ಮಾರಾಯ. ಬೇಲಿ ಒಳಗಿನ ಹುಲ್ಲು ಕೊಯ್ಕಂಡು ಹೋಗು, ಎಮ್ಮೆ ಮಾತ್ರ ಬಿಡ್ಬೇಡ," ಎಂದಳು. ಹಮ್ಮ ಮುಂಡಾಸಿನ ತುದಿಯಿಂದ ಕಣ್ಣು ಒರೆಸಿಕೊಂಡು, ಬಿಸಿಲು ಬಹಳ ಎಂದ.

ಎಂಬತ್ತಮೂರರಲ್ಲಿ ಮರಗಳು ಮೊದಲ ಸಲ ಹಣ್ಣು ಬಿಟ್ಟವು. ಆ ಹೊತ್ತಿಗೆ ಗುಡ್ಡದ ಮೇಲೆ ಹನುಮಕ್ಕನ ಮಣ್ಣಿನ ಮನೆ ಎದ್ದಿತ್ತು, ದೇವಿ ಎರಡನೇ ಬಾಣಂತನಕ್ಕೆ ಅಲ್ಲಿಗೇ ಬಂದಿದ್ದಳು. ಮೊದಲ ಬುಟ್ಟಿ ಚೌಡಮ್ಮನ ಕಲ್ಲಿನ ಮುಂದೆ ಇಟ್ಟು ಬಂದೆವು. ಅದೇ ವರ್ಷ ನನ್ನ ಮದುವೆ ಆಗಿ ಭಟ್ಕಳಕ್ಕೆ ವರ್ಗವೂ ಆಗಿತ್ತು. ಹೊರಡುವ ಮುಂಚಿನ ಸಂಜೆ ನಾವೆಲ್ಲ ಅವಳ ಅಂಗಳದಲ್ಲಿ ಕೂತಿದ್ದಾಗ ಬನದ ಕಡೆಯಿಂದ ಬಾವಲಿಗಳು ಹಾರಿ ಬಂದವು. ಹಮ್ಮ ತಯಾರಾಗಿಯೇ ಬಂದಿದ್ದ. ಎಣ್ಣೆ ಡಬ್ಬ ಎತ್ತಿ ಬಡಿಯಲು ಶುರು ಮಾಡಿದ. ಹನುಮಕ್ಕ ಎದ್ದು ಹೋಗಿ ಅವನ ಕೈಯಿಂದ ಡಬ್ಬ ಕಿತ್ತುಕೊಂಡಳು.

"ನೆಂಟ್ರು ಬಂದಾಗ ಡಬ್ಬ ಬಡೀತಾರೇನ?" ಎಂದಳು. ಅದರ ತಳಕ್ಕೆ ಮೊಳೆ ಹೊಡೆದು ತೂತು ಮಾಡಿ, ಮಣ್ಣು ತುಂಬಿ, ಒಂದು ಬೀಜ ಊರಿ ನನ್ನ ಮಡಿಲಿಗೆ ಇಟ್ಟಳು. "ನೀರಾಗೆ ಹಾಕಿ ನೋಡಿದ್ದೆ ಅಕ್ಕೋರೆ. ಮುಳುಗ್ತು."

ಆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಭಟ್ಕಳದವರೆಗೆ ಬಸ್ಸಿನಲ್ಲಿ ಬಂದೆ. ಟಿಕೆಟು ಹರಿಯುವವನು ಇದಕ್ಕೂ ಲಗೇಜು ಎಂದ, ಅವನ ಜೊತೆ ಜಗಳ ಆಡಿದೆ. ತಳ ಕತ್ತರಿಸಿ ಡಬ್ಬದ ಸಮೇತ ಹಿತ್ತಲಿನಲ್ಲಿ ಇಳಿಸಿದ ಆ ಗಿಡ ನಾಲ್ಕೇ ವರ್ಷದಲ್ಲಿ ಮನೆಯ ಮಾಡು ದಾಟಿದೆ, ಈ ವರ್ಷ ಮೊದಲ ಸಲ ಹಣ್ಣು ಬಿಟ್ಟಿದೆ. ನಿನ್ನೆ ಸಂಜೆ ಒಂದು ಬಾವಲಿ ಬಂತು. ನನ್ನವರು ಓಡಿಸಲು ಡಬ್ಬ ಎಲ್ಲಿದೆ ಎಂದು ಕೂಗಿದರು. ಮರದ ಬುಡದಲ್ಲಿದೆ, ತುಕ್ಕು ಹಿಡಿದು ಹೋಗಿದೆ, ಸುಮ್ಮನೆ ಬಂದು ಕೂತುಕೊಳ್ಳಿ ಎಂದೆ. ಸಿಟ್ಟು ಮಾಡದೆಯೇ ಹೇಳಿದೆ, ಅವರಿಗೇ ಆಶ್ಚರ್ಯವಾಯಿತು.